ಹೋಗ್ತೀನಿ ಅನ್ನಬಾರದು

ಅಪ್ಪ ಮೂರು ದ್ವೀಪಗಳ ತುದಿ ಕತ್ತರಿಸಿ
ಒಂದು ಹೆಸರು ಹೊಲಿದಿದ್ದ: ಲೂಸ್ವಿಮಿಂದಾ.
ಕಮ್ಮನಹಳ್ಳಿಯ ಸಲೂನಿನಲ್ಲಿ
ಮೊದಲ ದಿನವೇ ಹೊಲಿಗೆ ಬಿಚ್ಚಿತು.
'ಲೂಸು ಅಂದ್ರೆ ಇಲ್ಲಿ ಅರೆಹುಚ್ಚಿ ಕಣಮ್ಮ,
ಗಿರಾಕಿಗಳು ನಗ್ತಾರೆ' ಅಂದ ಮಾಲೀಕ
ಬಾಲ ಮಾತ್ರ ಉಳಿಸಿಕೊಂಡ: ಮಿಂದಾ.

ಮಿಂದ ಅಂದರೆ ಸ್ನಾನ ಮಾಡಿದ ಎಂದು
ತಿಳಿಯುವ ಹೊತ್ತಿಗೆ ಮಾರ್ಚಿ ಬಂದಿತ್ತು.
ನಲ್ಲಿ ಕೆಮ್ಮಿ ಕೆಮ್ಮಿ ಸುಮ್ಮನಾಯಿತು.
ಎತ್ತ ಓಡಿದರೂ ಕಡಲಿಗೇ ಮುಟ್ಟುವ ಊರಿನವಳು
ಟ್ಯಾಂಕರಿನ ಹಾರನ್ನಿಗೆ ಕಿವಿಗೊಟ್ಟು
ಅರ್ಧ ಬಕೆಟ್ಟಿನಲ್ಲಿ
ಹೆಸರು ಉಳಿಸಿಕೊಳ್ಳುವುದನ್ನು ಕಲಿತೆ.

ಕನ್ನಡ ಕಲಿಸಿದವಳು ಯಂಕಮ್ಮ,
ಬಿದ್ದ ಕೂದಲು ಗುಡಿಸುವವಳು, ಯಾದಗಿರಿಯವಳು.
ಹಾಗಾಗಿ ಆಟೋ ಇಳಿದು
'ಎಷ್ಟ್ ಕೊಡಬೇಕ್ರಿ ಯಣ್ಣಾ' ಅಂದರೆ
ಅಷ್ಟು ಹೊತ್ತೂ ಕನ್ನಡಿಯಲ್ಲಿ ನನ್ನ ಕಣ್ಣನ್ನು
ನೇಪಾಳವೋ ಮಣಿಪುರವೋ ಎಂದು ತೂಗುತ್ತಿದ್ದವನು
ತಕ್ಕಡಿ ಕೆಳಗಿಟ್ಟು ಕೇಳುತ್ತಾನೆ:
'ಕಲಬುರ್ಗಿ ಕಡೇರಾ ಮೇಡಂ?'
ಹೌದ್ರಿ, ಅನ್ನುತ್ತೇನೆ.
ಹತ್ತು ರೂಪಾಯಿ ಬಿಡುತ್ತಾನೆ.

ಕೆಲವು ಮಾತುಗಳು ನನಗಿಂತ ಎಷ್ಟೋ ಮುಂಚೆ
ಈ ಕಡೆಯಿಂದ ಆ ಕಡೆಗೆ ಹಡಗು ಹತ್ತಿ
ವೀಸಾ ಕೇಳುವವರಿಲ್ಲದ ಕಾಲದಲ್ಲಿ ಅಲ್ಲೇ ನೆಲೆಸಿದ್ದವು.
ಮೊದಲ ವಾರ, ಬಣ್ಣ ಕಲಸುವ ಕೋಣೆಯಲ್ಲಿ ನಾನು ಅಳುವಾಗ
'ಮುಖಾ ತೊಳ್ಕೊ' ಅಂದಳು ಯಂಕಮ್ಮ. ಬೆಚ್ಚಿದೆ.
ನಮ್ಮಲ್ಲೂ ಮುಖ ಮುಖವೇ.
ಆಸೆ ನಮ್ಮಲ್ಲಿ ಆಸಾ.
ದುಃಖ ಮಾತ್ರ ದಾರಿಯಲ್ಲಿ ಬದಲಾಗಿದೆ,
ನಮ್ಮ ಕಡೆ ದುಖಾ ಅಂದರೆ ಬಡವ.
ಇದನ್ನು ಹೇಳಿದರೆ ಪೊರಕೆ ನಿಲ್ಲಿಸಿ
'ಬದಲಾಗಿದ್ದೇನದಾ ಅದ್ರಾಗ?' ಅಂದಳು.

ಶಾಂತಿನಗರದ ಬಸ್ ನಿಲ್ದಾಣದ ಮೇಲಿನ ಕಚೇರಿಯಲ್ಲಿ
ಟೋಕನ್ ಬೆವರುವವರೆಗೆ ಹಿಡಿದು ಕೂತು ಕಂಡುಕೊಂಡೆ:
ತಲೆ ಅಡ್ಡಡ್ಡ ತೂಗಿದರೆ
ಹೌದೂ ಅಲ್ಲ, ಇಲ್ಲವೂ ಅಲ್ಲ,
ಇನ್ನೊಂದು ಝೆರಾಕ್ಸ್.

ಸೆಪ್ಟೆಂಬರಿಗೇ ನಮ್ಮ ಕ್ರಿಸ್‌ಮಸ್ ಶುರು.
ಬಿದಿರುಕಡ್ಡಿಯ ನಕ್ಷತ್ರ ಕಟ್ಟಿ ಬಾಗಿಲಿಗೆ ತೂಗಿಬಿಟ್ಟೆ.
ಬೀದಿಯ ಹುಡುಗರು ಬಂದರು:
'ಆಂಟಿ, ಗಣೇಶಂಗೆ ಸೂಪರಾಗಿರತ್ತೆ, ಮೂರೇ ದಿನ.'
ಕೊಟ್ಟೆ.
ಪೆಂಡಾಲಿನಲ್ಲಿ ಆನೆಮೊಗದ ಹಿಂದೆ
ಬೆತ್ಲೆಹೇಮ್ ಕೆಂಪಗೆ ಹಸಿರಗೆ ಮಿಣುಕಿತು.
ಅಮ್ಮನಿಗೆ ಫೋಟೊ ಕಳಿಸಲಿಲ್ಲ.
ಹನ್ನೊಂದನೇ ದಿನ ವಾಪಸು ಬಂತು,
ಒಂದು ಮೂಲೆ ಮುರಿದು,
ಜೊತೆಗೆ ಸ್ಟೀಲ್ ಡಬ್ಬಿ ತುಂಬ ಕಡಲೆ ಉಸಲಿ.
ಡಬ್ಬಿ ಇನ್ನೂ ನನ್ನ ಬಳಿಯೇ ಇದೆ.
ಖಾಲಿ ಡಬ್ಬಿ ಹಿಂದಿರುಗಿಸಬಾರದಂತೆ.
ಏನು ತುಂಬಲಿ ಎಂದು ಯೋಚಿಸುತ್ತಲೇ ವರ್ಷವಾಯಿತು.

ಸಂಬಳದ ಮರುದಿನ ದುಡ್ಡು ಕಳಿಸುವ ಅಂಗಡಿಗೆ
ಯಂಕಮ್ಮನೂ ನಾನೂ ಒಟ್ಟಿಗೇ ಹೋಗುತ್ತೇವೆ.
ಅವಳದು ಯಾದಗಿರಿಗೆ ಕ್ಷಣದಲ್ಲಿ ಮುಟ್ಟುತ್ತದೆ,
ನನ್ನದು ಇಲೋಯಿಲೋಗೆ ಮೂರು ದಿನ.
ಆಮೇಲೆ ಇಬ್ಬರೂ ಒಂದೇ ಟೀ, ಬೈಟು.

ಆ ಸಂಜೆಗಳಲ್ಲೊಮ್ಮೆ, ತಿರುವಿನಲ್ಲಿ,
'ಹೋಗ್ತೀನಿ' ಅಂದೆ.
ಬೈದಳು. ನಿಜವಾಗಿ ಬೈದಳು.
'ಹೋಗ್ತೀನಿ ಅನ್ನಬ್ಯಾಡ ಯವ್ವಾ. ಬರ್ತೀನಿ ಅನ್ನು.
ಹೋಗಾದು ಹೆಣ.'

ವಿಮಾನ ನಿಲ್ದಾಣದಲ್ಲಿ ಆರು ವರ್ಷದ ತಾಲಾಗೆ
ನಾನು ಹೇಳಿ ಬಂದದ್ದು ಅದೇ ಮಾತು:
ಹೋಗ್ತೀನಿ.
ನಮ್ಮಲ್ಲಿ ಹೊರಡುವಾಗ ಹಾಗೆಯೇ ಅನ್ನುವುದು,
ಯಾರೂ ಬೈಯುವುದಿಲ್ಲ.

ರಾತ್ರಿ ಫೋನಿನಲ್ಲಿ, ಇಲ್ಲಿಗಿಂತ
ಎರಡೂವರೆ ಗಂಟೆ ಮುಂದಿರುವ ಅವಳ ನಿದ್ದೆಗಣ್ಣಿಗೆ
ಹೊಸ ಮಾತು ಕಲಿಸಿದೆ.
ಬರ್ತೀನಿ, ಅಂದಳು, ಸರಿಯಾಗಿಯೇ ಅಂದಳು.
ಅರ್ಥ ಹೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:
ಯಾವಾಗ?

ಈ ಊರಲ್ಲಿ ಬರ್ತೀನಿ ಅಂದವರನ್ನು
ಯಾವಾಗ ಎಂದು ಯಾರೂ ಕೇಳುವುದಿಲ್ಲ.
ಅದನ್ನು ಅವಳಿಗಿನ್ನೂ ಹೇಳಿಕೊಟ್ಟಿಲ್ಲ.